ಲಾರಿಯ ಜೀರ್ಣೋದ್ಧಾರ

ದೇವಾಲಯಗಳಿಗೆ ದತ್ತಿ ಬಿಟ್ಟ ನಮ್ಮ ಶಾಸನಗಳಲ್ಲಿ ಮೇಲಿಂದ ಮೇಲೆ ಕಾಣುವ ಒಂದು ಸಮಾಸವುಂಟು: ಖಂಡಸ್ಫುಟಿತಜೀರ್ಣೋದ್ಧಾರ. ದೇವರ ನೈವೇದ್ಯಕ್ಕೆ ಇಷ್ಟು, ನಂದಾದೀವಿಗೆಗೆ ಇಷ್ಟು, ತಪಸ್ವಿಗಳ ಆಹಾರದಾನಕ್ಕೆ ಇಷ್ಟು ಎಂದು ಭೂಮಿಯನ್ನು ಬಿಡುವಾಗ ಅದರ ಜೊತೆಗೇ ಈ ಮಾತನ್ನೂ ಸೇರಿಸುತ್ತಿದ್ದರು. ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರುಕುಬಿಟ್ಟದ್ದು, ಜೀರ್ಣವೆಂದರೆ ಕಾಲಕ್ರಮದಲ್ಲಿ ಸವೆದು ಶಿಥಿಲವಾದದ್ದು. ತಾನು ಕಟ್ಟಿಸಿದ ಗುಡಿ ಒಂದಲ್ಲ ಒಂದು ದಿನ ಮುರಿಯುತ್ತದೆ ಎಂಬುದು ಕಟ್ಟಿಸಿದವನಿಗೆ ಗೊತ್ತಿತ್ತು. ಅದನ್ನು ಕಲ್ಲಿನ ಮೇಲೆ ಬರೆಸಲು ಅವನು ಸಂಕೋಚಪಡಲಿಲ್ಲ. ಮೂವತ್ತು ವರ್ಷ ತರಗತಿಗಳಲ್ಲಿ ಈ ಸಮಾಸವನ್ನು ಬಿಡಿಸಿ ಹೇಳಿದ ನಾನು ಅದರ ಅರ್ಥವನ್ನು ಕಣ್ಣಾರೆ ಕಂಡದ್ದು ನಿವೃತ್ತನಾದ ಮೇಲೆ, ಗುಂಡ್ಲುಪೇಟೆಯ ಹೊರವಲಯದ ಒಂದು ಲಾರಿ ರಿಪೇರಿ ಷೆಡ್ಡಿನಲ್ಲಿ.

ಹೋದ ಕಾರಣ ಬಹಳ ಸಾಮಾನ್ಯವಾದದ್ದು. ಹಳೆಯ ವಿದ್ಯಾರ್ಥಿಯೊಬ್ಬ ಬಂದು, ತನಗೆ ಪರಿಚಿತರಾದ ವೃದ್ಧ ಮೇಸ್ತ್ರಿಯೊಬ್ಬರಿಗೆ ಸರ್ಕಾರಕ್ಕೆ ಕಳಿಸಲು ಒಂದು ಅರ್ಜಿ ಬರೆದುಕೊಡಬೇಕೆಂದು ಕೇಳಿದ. ಮೇಸ್ತ್ರಿಗಳಿಗೆ ಎಪ್ಪತ್ತು ದಾಟಿದೆ. ಅವರ ಬಳಿ 1964ರಲ್ಲಿ ನೋಂದಣಿಯಾದ ಟಾಟಾ ಮರ್ಸಿಡಿಸ್ ಬೆಂಜ್ ಲಾರಿಯೊಂದಿದೆ. ಐವತ್ತು ವರ್ಷ ದಾಟಿದ ವಾಹನಕ್ಕೆ 'ವಿಂಟೇಜ್' ಎಂಬ ಮಾನ್ಯತೆ ಕೊಡುತ್ತಾರೆಂದು ಅವರು ಕೇಳಿದ್ದಾರೆ. ಅದು ಸಿಕ್ಕದೆ ಹೋದರೆ ಲಾರಿಯನ್ನು ತೂಕದ ಲೆಕ್ಕದಲ್ಲಿ ಗುಜರಿಗೆ ಕೊಡಬೇಕಾಗುತ್ತದೆ. ಅರ್ಜಿ ಬರೆಯುವ ಮುನ್ನ ಅರ್ಜಿಯ ವಸ್ತುವನ್ನು ನೋಡಬೇಕಲ್ಲವೆ? ನೋಡಲು ಹೋದೆ.

ಷೆಡ್ಡಿನ ಹಿಂಭಾಗದ ಹುಣಿಸೆಮರದ ಕೆಳಗೆ ಅದು ನಿಂತಿತ್ತು. ಈಗಿನ ಲಾರಿಗಳಂತೆ ಚಪ್ಪಟೆ ಮುಖದ್ದಲ್ಲ. ಎಂಜಿನ್ನಿನ ಪೆಟ್ಟಿಗೆ ಮುಂದಕ್ಕೆ ಚಾಚಿಕೊಂಡ ಮೂತಿಯದು. ನಾನು ಹುಡುಗನಾಗಿದ್ದಾಗ, 1960ರ ದಶಕದ ಕೊನೆಯಲ್ಲಿ, ಮೈಸೂರು ಊಟಿ ರಸ್ತೆಯಲ್ಲಿ ಕಾಣುತ್ತಿದ್ದವುಗಳಲ್ಲಿ ಹೆಚ್ಚಿನವು ಇಂಥವೇ. ಮೂತಿಯ ಮೇಲೆ ವೃತ್ತದೊಳಗೆ ಮೂರು ಮೊನೆಯ ನಕ್ಷತ್ರವಿದ್ದರೆ ಅದು ಟಾಟಾ ಸಂಸ್ಥೆ ಜರ್ಮನಿಯ ಡೈಮ್ಲರ್ ಬೆಂಜ್ ಕಂಪೆನಿಯೊಡನೆ 1954ರಲ್ಲಿ ಮಾಡಿಕೊಂಡ ಹದಿನೈದು ವರ್ಷದ ಒಪ್ಪಂದದ ಕಾಲದ್ದು. 1969ರಲ್ಲಿ ಒಪ್ಪಂದ ಮುಗಿಯಿತು. ನಕ್ಷತ್ರ ಹೋಗಿ 'ಟಿ' ಅಕ್ಷರ ಬಂದಿತು. ಲಿಪಿಯನ್ನು ನೋಡಿ ಶಾಸನದ ಶತಮಾನವನ್ನು ಹೇಳುವಂತೆ ಈ ಮುದ್ರೆಯನ್ನು ನೋಡಿ ಲಾರಿಯ ಕಾಲವನ್ನು ಹೇಳಬಹುದು. ಆದರೆ ಲಿಪಿಯೂ ಮೋಸ ಮಾಡುವುದುಂಟು. ಹಳೆಯ ನಕ್ಷತ್ರವನ್ನು ಕಳಚಿ ಹೊಸ ಲಾರಿಗೆ ಸಿಕ್ಕಿಸಿಕೊಂಡು ಮೆರೆದವರೂ ಇದ್ದರೆಂದು ಮೇಸ್ತ್ರಿಗಳು ನಗುತ್ತಾ ಹೇಳಿದರು.

ಗುಂಡ್ಲುಪೇಟೆಯಂಥ ಸಣ್ಣ ಊರಿನಲ್ಲಿ ಲಾರಿಯ ವಿದ್ಯೆ ಇಷ್ಟು ಆಳವಾಗಿ ಬೇರೂರಲು ಕಾರಣವೇನು? ಭೂಪಟವನ್ನು ನೋಡಿದರೆ ತಿಳಿಯುತ್ತದೆ. ಹಿಂದೆ ಅರಿಕುಠಾರವೆನಿಸಿದ್ದು, 1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ಹೆಸರಿಟ್ಟ ಚಾಮರಾಜನಗರಕ್ಕೆ ರೈಲು ಬಂದದ್ದು 1926ರಲ್ಲಿ. ಬಂದ ರೈಲು ಅಲ್ಲಿಯೇ ನಿಂತಿತು. ಘಟ್ಟವಿಳಿದು ಸತ್ಯಮಂಗಲದ ಕಡೆಗೆ ಅದನ್ನು ಒಯ್ಯಬೇಕೆಂಬ ಮಾತು ತಲೆಮಾರುಗಳಿಂದ ನಡೆದಿದೆ. ಹಳಿ ಮಾತ್ರ ಬಿದ್ದಿಲ್ಲ. ಗುಂಡ್ಲುಪೇಟೆ ತಾಲ್ಲೂಕಿಗಂತೂ ರೈಲಿನ ಸಂಪರ್ಕವೇ ಇಲ್ಲ. ಹೀಗಿರುವಲ್ಲಿ ಈ ಸೀಮೆ ಮೂರು ಘಟ್ಟಗಳ ತಲೆಬಾಗಿಲಲ್ಲಿ ಕುಳಿತಿದೆ. ಗುಂಡ್ಲುಪೇಟೆಯಿಂದ ಒಂದು ದಾರಿ ಬಂಡೀಪುರ, ಗೂಡಲೂರುಗಳ ಮೇಲೆ ನಡುವಟ್ಟಂ ಹತ್ತಿ ಊಟಿಗೆ ಹೋಗುತ್ತದೆ. ಇನ್ನೊಂದು ಮುತ್ತಂಗ, ಸುಲ್ತಾನ್ ಬತ್ತೇರಿಗಳನ್ನು ಹಾದು ಲಕ್ಕಿಡಿಯಿಂದ ಒಂಬತ್ತು ತಿರುವುಗಳಲ್ಲಿ ಮಲಬಾರಿನ ಬಯಲಿಗೆ ಇಳಿಯುತ್ತದೆ. ಚಾಮರಾಜನಗರದಿಂದ ಪುಣಜನೂರು, ಹಾಸನೂರುಗಳ ಮೇಲೆ ಹೋಗುವ ಮೂರನೆಯದು ದಿಂಬಂ ಘಟ್ಟದ ಇಪ್ಪತ್ತೇಳು ತಿರುವುಗಳನ್ನು ಇಳಿದು ಬಣ್ಣಾರಿಯನ್ನು ಮುಟ್ಟುತ್ತದೆ. ತೆರಕಣಾಂಬಿಯ ತರಕಾರಿ, ಚಾಮರಾಜನಗರದ ಅರಿಸಿನ, ಕಾಡಿನ ಮರ, ಬಿದಿರು, ಕೊನೆಗೆ ಹೊರದೇಶಗಳಿಗೆ ಹೋಗುವ ಕರಿಕಲ್ಲು, ಎಲ್ಲವೂ ಈ ಮೂರು ದಾರಿಗಳಲ್ಲಿ ಲಾರಿಯ ಬೆನ್ನಿನ ಮೇಲೆಯೇ ಹೋಗಬೇಕು. ಹತ್ತುವಾಗ ಎಂಜಿನ್ನು ಕುದಿಯುತ್ತದೆ, ಇಳಿಯುವಾಗ ಬ್ರೇಕು ಸುಡುತ್ತದೆ. ಘಟ್ಟದ ತಲೆಯಲ್ಲಿ ರಿಪೇರಿಯವನು ಇರಲೇಬೇಕಾಯಿತು. ಹಾಗೆ ಈ ವಿದ್ಯೆ ಇಲ್ಲಿ ನೆಲೆಸಿತು.

ಮೊದಲ ಮೇಸ್ತ್ರಿಗಳು ಯಾವ ಶಾಲೆಯಲ್ಲೂ ಕಲಿತವರಲ್ಲ. ನಮ್ಮ ಮೇಸ್ತ್ರಿಗಳ ಗುರು ಎತ್ತಿನಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಾ ಕಾಯಿಸಿ ತೊಡಿಸುತ್ತಿದ್ದ ಕಮ್ಮಾರರಂತೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದು, ಬಸ್ಸು ಲಾರಿಗಳ ಹಿಂದೆ ಇದ್ದಿಲಿನ ಒಲೆಗಳು ಕೂತವು. ಇದ್ದಿಲನ್ನು ಅರೆಬರೆ ಉರಿಸಿ ಬಂದ ಅನಿಲದಿಂದ ಎಂಜಿನ್ನನ್ನು ಓಡಿಸುವ ಉಪಾಯವದು. ಒಲೆಯ ಕೆಲಸ ಬಲ್ಲವನು ಕಮ್ಮಾರ. ಹಾಗಾಗಿ ಕುಲುಮೆಯವನು ಮೋಟಾರಿನ ಬಳಿಗೆ ಬಂದ. ಯುದ್ಧ ಮುಗಿದ ಮೇಲೆ ಸೈನ್ಯದ ಲಾರಿಗಳು ಹರಾಜಿಗೆ ಬಂದವು. ಕೆನಡಾ ದೇಶದಲ್ಲಿ ಫೋರ್ಡ್, ಷೆವರ್ಲೆ ಕಾರ್ಖಾನೆಗಳು ಒಂದೇ ಮಾದರಿಯಲ್ಲಿ ತಯಾರಿಸಿದ 4 ಲಕ್ಷಕ್ಕೂ ಹೆಚ್ಚು ಯುದ್ಧವಾಹನಗಳಲ್ಲಿ ಉಳಿದ ಕೆಲವು ದಕ್ಷಿಣದ ಮಲೆಗಳಲ್ಲಿ ಮರ ಸಾಗಿಸುವ ಕೆಲಸಕ್ಕೆ ಬಿದ್ದವು. ಮರುಭೂಮಿಗೂ ಕೆಸರಿಗೂ ಸಿದ್ಧಗೊಳಿಸಿದ ಗಾಡಿಗಳು ಹೊನ್ನೆ, ಮತ್ತಿಗಳ ದಿಮ್ಮಿಗಳನ್ನು ಹೊತ್ತವು.

ಆ ಷೆವರ್ಲೆ ಎಂಜಿನ್ನಿನ ಬೇರಿಂಗುಗಳನ್ನು ಕುರಿತು ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಈಗಿನಂತೆ ಅಂಗಡಿಯಿಂದ ತಂದು ಕೂರಿಸುವ ತೆಳುವಾದ ಚಿಪ್ಪುಗಳು ಅದರ ಕನೆಕ್ಟಿಂಗ್ ರಾಡಿನಲ್ಲಿ ಇರಲಿಲ್ಲ. ತವರ, ಆಂಟಿಮನಿ, ತಾಮ್ರಗಳ ಮಿಶ್ರಣವಾದ ಬಿಳಿಲೋಹವನ್ನು ರಾಡಿನ ಕಣ್ಣಿಗೆ ಕರಗಿಸಿ ಹುಯ್ಯಬೇಕು. ಮೊದಲು ಕಣ್ಣಿಗೆ ತವರದ ಕಲಾಯಿ; ಬಳಿಕ ಕಾಯಿಸಿದ ಅಚ್ಚನ್ನು ನಡುವೆ ನಿಲ್ಲಿಸಿ ಒಂದೇ ಉಸಿರಿನಲ್ಲಿ ಹುಯ್ಯುವುದು. ತಣಿದ ಮೇಲೆ ಕ್ರ್ಯಾಂಕಿಗೆ ನೀಲಿ ಬಣ್ಣ ಸವರಿ, ರಾಡನ್ನು ಕೂಡಿಸಿ ತಿರುಗಿಸಿ, ಮತ್ತೆ ಬಿಚ್ಚಿ, ನೀಲಿ ಹತ್ತಿದ ಕಡೆ ಉಬ್ಬಿದೆಯೆಂದು ತಿಳಿದು ಹೆರೆಯಬೇಕು. ಎಲ್ಲ ಕಡೆಯೂ ಸಮನಾಗಿ ನೀಲಿ ಹತ್ತುವ ತನಕ ಹೆರೆಯುವುದೇ ಕೆಲಸ. ಒಂದು ರಾಡಿಗೆ ಅರ್ಧ ದಿನ ಹಿಡಿಯುತ್ತಿತ್ತಂತೆ. ನಮ್ಮ ಮೇಸ್ತ್ರಿಗಳು ಹನ್ನೆರಡನೆಯ ವಯಸ್ಸಿಗೆ ಷೆಡ್ಡಿಗೆ ಸೇರಿದಾಗ ಅವರಿಗೆ ಕೊಟ್ಟ ಮೊದಲ ಕೆಲಸ ಆ ನೀಲಿಯನ್ನು ಸವರುವುದು. ಎರಡು ವರ್ಷ ಅದನ್ನೇ ಮಾಡಿದರು.

ಆಮೇಲೆ ಬಂದಿತು ನಿಜವಾದ ಬರ. 1953ರಲ್ಲಿ ಸುಂಕ ಆಯೋಗವು, ಬಿಡಿಭಾಗಗಳನ್ನು ತರಿಸಿ ಜೋಡಿಸುವುದಷ್ಟೇ ಅಲ್ಲ, ಇಲ್ಲಿಯೇ ತಯಾರಿಸುವ ಯೋಜನೆಯುಳ್ಳ ಕಂಪೆನಿಗಳು ಮಾತ್ರ ಉಳಿಯಬೇಕೆಂದು ಹೇಳಿತು. ಮುಂಬಯಿಯಲ್ಲಿ 1928ರಿಂದ ಷೆವರ್ಲೆಗಳನ್ನು ಜೋಡಿಸುತ್ತಿದ್ದ ಜನರಲ್ ಮೋಟರ್ಸ್ 1954ರಲ್ಲಿ ಬಾಗಿಲು ಮುಚ್ಚಿತು. ಫೋರ್ಡ್ ಕೂಡ ಹೋಯಿತು. ಅದೇ ವರ್ಷ ಜಮ್‌ಷೆಡ್‌ಪುರದಲ್ಲಿ ಟಾಟಾ ಲಾರಿ ಹುಟ್ಟಿತು. ಮರುವರ್ಷ ಮದರಾಸಿನ ಬಳಿ ಎಣ್ಣೂರಿನ ಕಾರ್ಖಾನೆ ಅಶೋಕ್ ಲೇಲ್ಯಾಂಡ್ ಆಯಿತು. ದೇಶದ ದೃಷ್ಟಿಯಿಂದ ಇದು ಸರಿಯಾದ ನೀತಿಯೇ. ಆದರೆ ರಸ್ತೆಯ ಮೇಲಿದ್ದ ಫೋರ್ಡ್, ಷೆವರ್ಲೆಗಳು ಒಂದೇ ಏಟಿಗೆ ತಬ್ಬಲಿಗಳಾದವು. ಹೊಸ ಲಾರಿಗೆ ವರ್ಷಗಟ್ಟಲೆ ಕಾಯಬೇಕು, ಹಳೆಯದಕ್ಕೆ ಬಿಡಿಭಾಗವಿಲ್ಲ. ಇತಿಹಾಸದ ಪುಸ್ತಕಗಳಲ್ಲಿ ಒಂದು ವಾಕ್ಯವಾಗಿ ಮುಗಿಯುವ ಈ ಸಂಗತಿ ನಮ್ಮ ಸಣ್ಣ ಊರುಗಳ ಷೆಡ್ಡುಗಳಲ್ಲಿ ಇಪ್ಪತ್ತು ವರ್ಷದ ವಿದ್ಯಾಭ್ಯಾಸವಾಯಿತೆಂದು ನನಗೆ ತೋರುತ್ತದೆ. ಪೆಟ್ರೋಲ್ ಎಂಜಿನ್ನನ್ನು ಕಿತ್ತು ಅದರ ಜಾಗದಲ್ಲಿ ಮದರಾಸಿನ ಸಿಂಪ್ಸನ್ ಕಂಪೆನಿಯ ಪರ್ಕಿನ್ಸ್ ಡೀಸೆಲ್ ಎಂಜಿನ್ನನ್ನು ಕೂರಿಸುವುದು, ಒಂದರ ಗೇರ್‌ಪೆಟ್ಟಿಗೆಗೆ ಇನ್ನೊಂದರ ಕ್ಲಚ್ಚನ್ನು ಹೊಂದಿಸುವುದು, ಬಿರಿದ ಗೇರಿನ ಹಲ್ಲನ್ನು ತುಂಬಿ ಅರದಿಂದ ಉಜ್ಜಿ ರೂಪಕ್ಕೆ ತರುವುದು, ಇವೆಲ್ಲ ಆಗಿನ ಕಲಿಕೆ.

ಮೇಸ್ತ್ರಿಗಳ ಗೋಡೆಯ ಮೇಲೆ ಮೂರು ಸಾಲು ಸ್ಪ್ಯಾನರುಗಳು ತೂಗಾಡುತ್ತಿದ್ದವು. ಏಕೆ ಮೂರು ಎಂದು ಕೇಳಿದೆ. ಅವರು ಹೇಳಿದ ವಿವರ ಯಾವ ಗ್ರಂಥಸಂಪಾದಕನಿಗೂ ಸಂತೋಷ ಕೊಡುವಂಥದು. ಇಂಗ್ಲೆಂಡಿನ ಹಳೆಯ ಯಂತ್ರಗಳ ವಿಟ್‌ವರ್ತ್ ತಿರುಪಿನ ಹಲ್ಲಿನ ಕೋನ 55 ಡಿಗ್ರಿ. ಅದರ ಸ್ಪ್ಯಾನರಿನ ಮೇಲೆ ಬರೆದಿರುವುದು ಬೋಲ್ಟಿನ ಕಾಂಡದ ದಪ್ಪ, ತಲೆಯ ಅಗಲವಲ್ಲ. ಅಮೆರಿಕದ್ದು 60 ಡಿಗ್ರಿ, ಅಳತೆ ಅಂಗುಲದಲ್ಲಿ, ಬರೆದಿರುವುದು ತಲೆಯ ಅಗಲ. ಜರ್ಮನಿಯದೂ 60 ಡಿಗ್ರಿ, ಆದರೆ ಅಳತೆ ಮಿಲಿಮೀಟರಿನಲ್ಲಿ. ಒಂದರ ಬೋಲ್ಟು ಇನ್ನೊಂದರ ನಟ್ಟಿಗೆ ಎರಡು ಸುತ್ತು ಸಲೀಸಾಗಿ ಹೋಗುತ್ತದೆ. ಮೂರನೆಯ ಸುತ್ತಿಗೆ ಕಚ್ಚಿಕೊಳ್ಳುತ್ತದೆ. ಬಲವಂತ ಮಾಡಿದವನು ಎರಡನ್ನೂ ಕೆಡಿಸುತ್ತಾನೆ. ಹಳಗನ್ನಡದ ಪಾಠವನ್ನು ನಡುಗನ್ನಡದ ವ್ಯಾಕರಣದಿಂದ ತಿದ್ದಹೋದ ಕೆಲವರ ಸಂಪಾದನೆಗಳು ಆಗ ನನ್ನ ನೆನಪಿಗೆ ಬಂದವು.

ಖಂಡ, ಸ್ಫುಟಿತ, ಜೀರ್ಣಗಳಿಗೆ ಈಗ ಬರುತ್ತೇನೆ. ಇವು ಮೂರೂ ಬೇರೆ ಬೇರೆ ರೋಗಗಳೆಂದು ನಾನು ತಿಳಿದದ್ದು ಆ ಷೆಡ್ಡಿನಲ್ಲಿ. ಮುರಿಯುವುದು ಹೆಚ್ಚಾಗಿ ಕಮಾನುಪಟ್ಟಿ. ಕರಿಕಲ್ಲಿನ ಒಂದು ಘನಮೀಟರು ಸುಮಾರು 3 ಟನ್ ತೂಗುತ್ತದೆ. ನೋಡಲು ಮಂಚದಷ್ಟಿರುವ ಬಂಡೆಯೇ ಲಾರಿಗೆ ಸಾಕಷ್ಟು ಹೊರೆ. ಆದರೂ ಎರಡನೆಯದನ್ನು ಹೇರುತ್ತಿದ್ದರು. ಮುರಿದ ಪಟ್ಟಿಯ ಜಾಗಕ್ಕೆ ಬೇರೆ ಲಾರಿಯ ಪಟ್ಟಿಯನ್ನು ತಂದು ಬಾಗು ಹೊಂದಿಸಬೇಕು. ಕೆಂಪಗೆ ಕಾಯಿಸಿ ಬಾಗಿಸಿಬಿಟ್ಟರೆ ಉಕ್ಕಿನ ಹದ ಹೋಗಿ ಅದು ಬರಿಯ ಕಬ್ಬಿಣವಾಗುತ್ತದೆ. ಮತ್ತೆ ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸಿ ಜೀವ ಕೊಡಬೇಕು. ಇಲ್ಲವೆ ಕಾಯಿಸದೆಯೇ, ಅಡಿಗಲ್ಲಿನ ಮೇಲಿಟ್ಟು ಸಾಲಾಗಿ ಸುತ್ತಿಗೆಯೇಟು ಕೊಡುತ್ತಾ ತಣ್ಣಗೇ ಬಾಗಿಸಬೇಕು. ಮೇಸ್ತ್ರಿಗಳು ಎರಡನೆಯ ಪಂಗಡದವರು. ಮುರಿದ ತುಂಡಿಗೂ ಗತಿಯುಂಟು. ಅದು ಕುಲುಮೆಗೆ ಹೋಗಿ ಮಚ್ಚು, ಕುಡುಗೋಲುಗಳಾಗಿ ಹೊಲಕ್ಕೆ ಹೋಗುತ್ತದೆ.

ಬಿರಿಯುವುದರ ಕಥೆ ಬೇರೆ. ಏರಿನಲ್ಲಿ ರೇಡಿಯೇಟರಿನ ನೀರು ಕುದಿದು ಆರಿಹೋದಾಗ, ಅವಸರದ ಕ್ಲೀನರು ತೊರೆಯ ತಣ್ಣೀರನ್ನು ತಂದು ಹಾಗೆಯೇ ಸುರಿದನೆಂದರೆ ಎರಕದ ಕಬ್ಬಿಣದ ಬ್ಲಾಕು ಬಿರುಕುಬಿಡುತ್ತದೆ. ಎರಕದ ಕಬ್ಬಿಣಕ್ಕೆ ಸಾಮಾನ್ಯ ಬೆಸುಗೆ ಒಗ್ಗುವುದಿಲ್ಲ. ಬೆಸುಗೆಯ ಕಾವಿಗೆ ಪಕ್ಕದಲ್ಲಿ ಹೊಸ ಬಿರುಕು ಹುಟ್ಟುತ್ತದೆ. ಅದನ್ನು ಹೊಲಿಯಬೇಕು. ಬಿರುಕಿನ ಎರಡು ತುದಿಗಳಲ್ಲೂ ಮೊದಲು ರಂಧ್ರ ಕೊರೆಯುತ್ತಾರೆ, ಅದು ಮುಂದೆ ಓಡದಿರಲೆಂದು. ಬಳಿಕ ಬಿರುಕಿನ ಉದ್ದಕ್ಕೂ ಒಂದನ್ನೊಂದು ತುಸು ಕಚ್ಚುವಂತೆ ತಿರುಪುಗಳನ್ನು ಸಾಲಾಗಿ ಇಳಿಸಿ, ತಲೆ ಕತ್ತರಿಸಿ, ಸಣ್ಣ ಸುತ್ತಿಗೆಯಿಂದ ತಟ್ಟಿ ಸಮಮಾಡುತ್ತಾರೆ. ಆ ಲಾರಿಯ ಬ್ಲಾಕಿನ ಎಡಮಗ್ಗುಲಲ್ಲಿ ಗೇಣುದ್ದದ ಅಂಥ ಹೊಲಿಗೆಯಿತ್ತು. ಬೆರಳಾಡಿಸಿದರೆ ಮಾತ್ರ ತಿಳಿಯುತ್ತಿತ್ತು. ಚಾಸಿಯ ಉಕ್ಕಿನ ತೊಲೆಗೂ ಇದೇ ನ್ಯಾಯ. ಬಿರಿದ ಕಡೆ ಮೇಲೊಂದು ತಗಡು ಕೂರಿಸುವಾಗ ಅದರ ತುದಿಯನ್ನು ನೇರವಾಗಿ ಕತ್ತರಿಸಬಾರದು, ಮೀನಿನ ಬಾಲದಂತೆ ಓರೆಯಾಗಿ ಕತ್ತರಿಸಬೇಕು. ನೇರವಾಗಿ ನಿಂತ ತುದಿಯ ಬುಡದಲ್ಲಿ ಭಾರವೆಲ್ಲ ಬಂದು ನಿಂತು ತೊಲೆ ಅಲ್ಲಿಯೇ ಮತ್ತೆ ಬಿರಿಯುತ್ತದೆ.

ಇನ್ನು ಜೀರ್ಣ. ಮುರಿದದ್ದಕ್ಕೂ ಬಿರಿದದ್ದಕ್ಕೂ ಉಪಾಯವುಂಟು, ಸವೆದದ್ದಕ್ಕೆ ಒಂದು ಮಿತಿಯುಂಟು. ಆ ಎಂಜಿನ್ನಿನ ಸಿಲಿಂಡರುಗಳು ಆರು. ವ್ಯಾಸ 90 ಮಿಲಿಮೀಟರು, ಪಿಸ್ಟನ್ನಿನ ಓಟ 120. ಸಿಲಿಂಡರು ಸವೆದರೆ ಒಳಗೆ ಹೊಸ ತೋಳು ತೊಡಿಸಬಹುದು. ಡೀಸೆಲ್ ಪಂಪನ್ನು ಬಿಚ್ಚಿ ಹೊಂದಿಸಬಹುದು; ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆಯ ದಯೆಯಿಂದ ಅದರ ಭಾಗಗಳಿಗೆ ಇಲ್ಲಿ ಎಂದೂ ತೀರ ಬರ ಬರಲಿಲ್ಲ. ಆದರೆ ಕ್ರ್ಯಾಂಕನ್ನು ಪ್ರತಿಸಲವೂ ಅರೆಯಬೇಕು. ಕಾಲು ಮಿಲಿಮೀಟರು, ಅರ್ಧ, ಮುಕ್ಕಾಲು, ಒಂದು, ಹೀಗೆ ನಾಲ್ಕು ಮೆಟ್ಟಿಲು. ಒಂದೊಂದಕ್ಕೂ ಅದಕ್ಕೆ ತಕ್ಕ ದಪ್ಪನೆಯ ಬೇರಿಂಗು. ಅವರ ಲಾರಿಯ ಕ್ರ್ಯಾಂಕು ನಾಲ್ಕನೆಯ ಮೆಟ್ಟಿಲಿನಲ್ಲಿದೆ. 'ಇನ್ನು ಅರೆಯೋಕೆ ಅದರಲ್ಲಿ ಲೋಹ ಇಲ್ಲ ಸ್ವಾಮಿ' ಎಂದರು. ತಮ್ಮ ಬಗ್ಗೆಯೂ ಹೇಳಿಕೊಂಡರೇನೋ ಎಂದು ನನಗೆ ಅನ್ನಿಸಿತು. ಅವರಿಗೆ ಅಂಥ ಶ್ಲೇಷೆಗಳಲ್ಲಿ ಆಸಕ್ತಿಯಿರಲಿಲ್ಲ.

ಅರ್ಜಿಗಾಗಿ ನಾನು ಲಾರಿಯ ವೃತ್ತಾಂತವನ್ನು ಬರೆದುಕೊಂಡೆ. ಕಾರ್ಖಾನೆಯಿಂದ ಬಂದದ್ದು ಚಾಸಿ, ಎಂಜಿನ್ನು, ಮುಂದಿನ ತಗಡಿನ ಮುಖ, ಇಷ್ಟೇ. ಆ ಕಾಲದ ಪದ್ಧತಿಯೇ ಹಾಗೆ. ಚಾಲಕನ ಕೋಣೆಯನ್ನೂ ಹಿಂದಿನ ಪೆಟ್ಟಿಗೆಯನ್ನೂ ಚಾಮರಾಜನಗರದ ಬಡಗಿಯೊಬ್ಬರು ಮರದಲ್ಲಿ ಕಟ್ಟಿದರು. ಅದು ಕೊಳೆತ ಮೇಲೆ ಎರಡನೆಯ ಸಲ ಕಟ್ಟಿದ್ದು ತಮಿಳುನಾಡಿನ ನಾಮಕ್ಕಲ್ಲಿನಲ್ಲಿ. ಎಂಜಿನ್ನು 1978ರಲ್ಲಿ ಬದಲಾಯಿತು, ಅದೇ ಜಾತಿಯ ಇನ್ನೊಂದು ಲಾರಿಯದು ಬಂದಿತು. ನೋಂದಣಿ ಪುಸ್ತಕದಲ್ಲಿ ಅದರ ಷರಾ ಇದೆ. ಗೇರ್‌ಪೆಟ್ಟಿಗೆ ಮೂರನೆಯದು. ಹಿಂದಿನ ಆಕ್ಸಲ್ಲು ಎರಡನೆಯದು. ಹುಟ್ಟಿನಿಂದ ಉಳಿದಿರುವುದೆಂದರೆ ಮುಂದಿನ ಆಕ್ಸಲ್ಲಿನ ತೊಲೆ, ಸ್ಟಿಯರಿಂಗ್ ಚಕ್ರ, ಮೂತಿಯ ತಗಡಿನ ಸ್ವಲ್ಪ ಭಾಗ, ಚಾಸಿಯ ಎರಡು ಉದ್ದನೆಯ ತೊಲೆಗಳು, ಅವುಗಳಲ್ಲೊಂದಕ್ಕೆ ತೇಪೆಯಿದೆ.

ಚಾಸಿಯ ಸಂಖ್ಯೆಯನ್ನು ಕಾಗದದ ಮೇಲೆ ಮೂಡಿಸಿಕೊಡಬೇಕಾಗಿತ್ತು. ತೊಲೆಯ ಮೇಲಿನ ಬಣ್ಣದ ಪದರಗಳನ್ನು ಹೆರೆದು, ತೆಳು ಕಾಗದ ಒತ್ತಿ, ಪೆನ್ಸಿಲಿನಿಂದ ಉಜ್ಜುವುದು ವಾಹನ ಕಚೇರಿಗಳ ವಾಡಿಕೆ. ಎಂ.ಎ. ವಿದ್ಯಾರ್ಥಿಯಾಗಿದ್ದಾಗ ಒದ್ದೆ ಕಾಗದ, ಕುಂಚ, ಮಸಿಗಳನ್ನು ಹಿಡಿದು ಶಾಸನಗಳ ಅಚ್ಚು ತೆಗೆದವನು ನಾನು. ರೈಸ್ ಅವರ 1898ರ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಚಾಮರಾಜನಗರ, ಗುಂಡ್ಲುಪೇಟೆಗಳ ಶಾಸನಗಳು ಇರುವುದರಿಂದ ಈ ಸೀಮೆಯ ಹೊಲಗಳಲ್ಲಿ ಅಲೆದದ್ದೂ ಉಂಟು. ಆ ಕೆಲಸವನ್ನು ನನಗೇ ಬಿಡಿ ಎಂದು ಕೇಳಿ, ಲಾರಿಯ ಕೆಳಗೆ ಮಲಗಿ ಉಜ್ಜಿದೆ. ಮೂರನೆಯ ಅಂಕೆ ಸವೆದಿತ್ತು. ಎರಡು ಸಲ ಉಜ್ಜಿದ ಮೇಲೆ ಮೂಡಿತು.

ಅನಂತರ ನಿಯಮವನ್ನು ತರಿಸಿ ಓದಿದೆ. ಮೊದಲೇ ಓದಬೇಕಾಗಿತ್ತು, ಉತ್ಸಾಹದಲ್ಲಿ ಮರೆತದ್ದು ನನ್ನ ತಪ್ಪು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ್ದು, ವಾಣಿಜ್ಯಕ್ಕಲ್ಲದೆ ಸ್ವಂತಕ್ಕೆ ಬಳಸಿದ ದ್ವಿಚಕ್ರ ವಾಹನಗಳೂ ಕಾರಿನ ವರ್ಗದ ನಾಲ್ಕು ಚಕ್ರದ ವಾಹನಗಳೂ ಮಾತ್ರ ವಿಂಟೇಜ್. ಲಾರಿಗೆ ಅಲ್ಲಿ ಸ್ಥಾನವೇ ಇಲ್ಲ. ಇರುತ್ತಿದ್ದರೂ ನಮ್ಮ ಲಾರಿ ಎರಡನೆಯ ಷರತ್ತಿನಲ್ಲಿ ಬೀಳುತ್ತಿತ್ತು: ವಾಹನವು ಮೂಲರೂಪದಲ್ಲಿರಬೇಕು; ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಗಣನೀಯವಾದ ಮಾರ್ಪಾಡು ಆಗಿರಬಾರದು. ನಾನು ಹೆಮ್ಮೆಯಿಂದ ಬರೆದುಕೊಂಡಿದ್ದ ವೃತ್ತಾಂತದ ಒಂದೊಂದು ಸಾಲೂ ಅರ್ಜಿಯನ್ನು ತಿರಸ್ಕರಿಸಲು ಒಂದೊಂದು ಕಾರಣವಾಗಿತ್ತು.

ನಿಯಮ ಮಾಡಿದವರನ್ನು ನಾನು ದೂರುವುದಿಲ್ಲ. ನಾಲ್ಕು ಹಳೆಯ ತಗಡುಗಳನ್ನು ಸೇರಿಸಿ ಪುರಾತನ ವಾಹನವೆಂದು ಮಾರುವವರನ್ನು ತಡೆಯಬೇಕಾಗುತ್ತದೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಕಾರುಗಳನ್ನು ನಾನೂ ನೋಡಿ ಸಂತೋಷಪಟ್ಟಿದ್ದೇನೆ. ಆದರೆ ಕಾರು ಉಳಿಯುವ ಬಗೆ ಬೇರೆ, ಲಾರಿ ಉಳಿಯುವ ಬಗೆ ಬೇರೆ. ಒಡೆಯನ ಕೊಟ್ಟಿಗೆಯಲ್ಲಿ ನಿಂತು ಕಾರು ಹಳೆಯದಾಗುತ್ತದೆ. ಲಾರಿ ನಿಂತರೆ ಅದನ್ನು ಕಳಚಿ ಮಾರಿಬಿಡುತ್ತಾರೆ. ಓಡುತ್ತಲೇ, ಮುರಿಯುತ್ತಲೇ, ಭಾಗ ಬದಲಾಯಿಸಿಕೊಳ್ಳುತ್ತಲೇ ಅದು ಹಳೆಯದಾಗಬೇಕು. ದುರಸ್ತಿಯಾಗದ ಹಳೆಯ ಲಾರಿ ಎಂಬುದು ನಮ್ಮ ಈ ಘಟ್ಟದ ಸೀಮೆಯಲ್ಲಿ ಇರಲು ಸಾಧ್ಯವೇ ಇಲ್ಲ. ಶಾಸನ ಬರೆಸಿದವನಾದರೋ ಕಟ್ಟುವುದನ್ನೂ ಬಿದ್ದದ್ದನ್ನು ಎತ್ತುವುದನ್ನೂ ಒಂದೇ ದತ್ತಿಯಲ್ಲಿ ಸೇರಿಸಿದ. ದುರಸ್ತಿಯಾದ ಗುಡಿಯನ್ನು ಯಾರೂ ಮೂಲ ಗುಡಿಯಲ್ಲವೆಂದು ತಳ್ಳಿಹಾಕಲಿಲ್ಲ.

ಹಾಗೆಂದು 1964ರ ಬ್ರೇಕುಗಳುಳ್ಳ ಲಾರಿ ಇಂದು ಹೊರೆ ಹೊತ್ತು ದಿಂಬಂ ಇಳಿಯಬೇಕೆಂದು ನಾನು ಹೇಳಲಾರೆ. ಕಪ್ಪು ಹೊಗೆಯೂ ಒಳ್ಳೆಯದಲ್ಲ. ಕಾಡಿಗೂ ತನ್ನ ಹಕ್ಕಿದೆ. ಬಂಡೀಪುರದ ರಸ್ತೆಗಳಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗಿನ ಸಂಚಾರ ನಿಷೇಧ 2009ರಲ್ಲಿ ಬಂದು, ಮರುವರ್ಷ ಹೈಕೋರ್ಟಿನಲ್ಲಿ ಎತ್ತಿಹಿಡಿಯಲ್ಪಟ್ಟಿತು, ಅದು ಆಗಬೇಕಾದದ್ದೇ. ಹದಿನೈದು ವರ್ಷ ದಾಟಿದ ಭಾರೀ ವಾಹನಗಳ ಅರ್ಹತಾಪತ್ರದ ಶುಲ್ಕವನ್ನು 2022ರ ಏಪ್ರಿಲಿನಿಂದ ಹಲವು ಪಟ್ಟು ಏರಿಸಿದ್ದಕ್ಕೂ ಕಾರಣಗಳಿವೆ. 2020ರ ಏಪ್ರಿಲಿನಲ್ಲಿ ಬಿ.ಎಸ್. 6 ಎಂಬ ಮಾನದಂಡ ಬಂದ ಮೇಲೆ ಹೊಸ ಲಾರಿಯ ರೋಗವನ್ನು ಕಂಪ್ಯೂಟರು ಹೇಳುತ್ತದೆ. ಷೆಡ್ಡಿನಲ್ಲಿದ್ದ ಇಬ್ಬರು ಹುಡುಗರು ಅದನ್ನು ಚೆನ್ನಾಗಿ ಬಲ್ಲರು. ಬ್ಲಾಕು ಹೊಲಿಯುವುದನ್ನು ಅವರು ಕಲಿತಿಲ್ಲ, ಕಲಿಯುವ ಪ್ರಸಂಗವೂ ಬಂದಿಲ್ಲ. ಹುಣಿಸೆಮರದ ಕೆಳಗಿನ ಲಾರಿ ಗುಜರಿಗೆ ಹೋದರೆ ಹೋಗುವುದು ಮೂರು ಟನ್ ಕಬ್ಬಿಣ ಮಾತ್ರವಲ್ಲ ಎಂಬುದಷ್ಟೇ ನನ್ನ ಚಿಂತೆ.

ವಿಷಯವನ್ನು ತಿಳಿಸಲು ಮತ್ತೆ ಹೋದೆ. ಮೇಸ್ತ್ರಿಗಳು ಪೂರ್ತಿ ಕೇಳಿದರು. ನೋಂದಣಿ ರದ್ದಾದರೆ ರಸ್ತೆಗೆ ಹೋಗುವಂತಿಲ್ಲ ಅಷ್ಟೆ ತಾನೆ, ಮರದ ಕೆಳಗೆ ನಿಲ್ಲಬಹುದಲ್ಲ ಎಂದು ಕೇಳಿದರು. ನಿಲ್ಲಬಹುದೆಂದು ಹೇಳಿದೆ. ಮುರಿದ ಕಮಾನಿಗೆ ಪಟ್ಟಿ ಸೇರಿಸಿದ್ದಾಗಿತ್ತು, ಎಂಜಿನ್ನನ್ನೂ ಜೋಡಿಸಿದ್ದರು. ಡೀಸೆಲ್ ಹುಯ್ದು, ಪಂಪಿನ ಗಾಳಿ ತೆಗೆದು ಚಾಲೂ ಮಾಡಿದರು. ಎರಡು ಸಲ ಕೆಮ್ಮಿ ಮೂರನೆಯ ಸಲಕ್ಕೆ ಹಿಡಿಯಿತು. ಹುಡುಗರು ಚಪ್ಪಾಳೆ ತಟ್ಟಿದರು. ಮೇಸ್ತ್ರಿಗಳು ಉದ್ದನೆಯ ತಿರುಪುಳಿಯೊಂದರ ತುದಿಯನ್ನು ಬ್ಲಾಕಿಗೆ ಒತ್ತಿ ಹಿಡಿಯನ್ನು ಕಿವಿಗೆ ಆನಿಸಿಕೊಂಡು, ಮುಂದಿನಿಂದ ಹಿಂದಕ್ಕೆ ಒಂದೊಂದೇ ಜಾಗದಲ್ಲಿ ಕೇಳುತ್ತಾ ಬಂದರು. ನಾಲ್ಕನೆಯ ಸಿಲಿಂಡರಿನ ಬಳಿ ನಿಂತರು. ನಿಲ್ಲಿಸಲು ಕೈಸನ್ನೆ ಮಾಡಿ, ಕೆಳಗಿನ ಎಣ್ಣೆಯನ್ನು ಇಳಿಸಲು ಹುಡುಗನಿಗೆ ಹೇಳಿ, ಜರ್ಮನ್ ಸಾಲಿನಿಂದ 17ರ ಸ್ಪ್ಯಾನರನ್ನು ತೆಗೆದುಕೊಂಡರು.